ಅಂಟು ಮೇಡಂ, ಎಂಟು ಎಸಳು ಬೆಳ್ಳುಳ್ಳಿ

ಆ ಶಾಲೆಯ ಲೈಬ್ರರಿ ಮೇಡಂಗೆ ಬರುತ್ತಿದ್ದ ಅಡುಗೆ ಒಂದೇ ಒಂದು. ಅದನ್ನೂ ತಿನ್ನುವ ಹಾಗಿರಲಿಲ್ಲ. ನಾಲ್ಕು ಚಮಚ ಮೈದಾ, ಒಂದು ಲೋಟ ನೀರು, ಹುಳ ಬೀಳದಿರಲಿ ಎಂದು ಒಂದು ಚಿಟಿಕೆ ಮೈಲುತುತ್ತ. ಸಣ್ಣ ಉರಿಯಲ್ಲಿ ಕೈ ಬಿಡದೆ ಕಲಕಿದರೆ ಹತ್ತು ನಿಮಿಷಕ್ಕೆ ಅಂಟು ತಯಾರು. ಬೆನ್ನು ಮುರಿದ ಪುಸ್ತಕ, ಹೊಲಿಗೆ ಬಿಟ್ಟ ಪುಸ್ತಕ, ರಟ್ಟು ಕಳಚಿದ ಪುಸ್ತಕ, ಎಲ್ಲಕ್ಕೂ ಅದೇ ಮದ್ದು. ಮೂವತ್ತು ವರ್ಷದಿಂದ ಆ ವಾಸನೆ ಕೈಯಲ್ಲೇ ಮನೆ ಮಾಡಿಕೊಂಡಿದ್ದರಿಂದ ಮಕ್ಕಳು ಅವರನ್ನು ಬೆನ್ನ ಹಿಂದೆ ‘ಅಂಟು ಮೇಡಂ’ ಎನ್ನುತ್ತಿದ್ದರು. ಎದುರಿಗೇ ಅಂದಿದ್ದರೂ ಅವರಿಗೇನೂ ಬೇಜಾರಿರಲಿಲ್ಲ. ಪುಸ್ತಕದ ಮೂಲೆ ಮಡಚುವ ಮಕ್ಕಳ ಮೇಲೆ ಬರುತ್ತಿದ್ದ ಸಿಟ್ಟು ಅಡ್ಡಹೆಸರು ಇಡುವ ಮಕ್ಕಳ ಮೇಲೆ ಅವರಿಗೆ ಬರುತ್ತಿರಲಿಲ್ಲ.

ಮನೆಯಲ್ಲಿ ಇದ್ದದ್ದು ಇಬ್ಬರು, ಮೇಡಂ ಮತ್ತು ಅವರ ಅಕ್ಕ. ಮೇಡಂ ಮದುವೆಯ ಗೋಜಿಗೆ ಹೋದವರಲ್ಲ. ಅಕ್ಕ ಗಂಡ ತೀರಿಹೋದ ಮೇಲೆ ತಂಗಿಯ ಎರಡು ಕೋಣೆಯ ಮನೆಗೆ ಬಂದವಳು, ಬಂದ ಮರುದಿನವೇ ಅಡುಗೆಮನೆಯನ್ನು ವಶ ಮಾಡಿಕೊಂಡವಳು. ಅದೇ ವರ್ಷ ಶಾಲೆಯ ಕ್ಯಾಂಟೀನಿನಲ್ಲಿ ಅವಳಿಗೆ ಅಡುಗೆಯ ಕೆಲಸವೂ ಸಿಕ್ಕಿತು. ಇನ್ನೂರು ಮಕ್ಕಳಿಗೆ ದಿನವೂ ಸೂಪು, ಬ್ರೆಡ್ಡು, ಬೇಯಿಸಿದ ತರಕಾರಿ. ಉಪ್ಪು ಹೆಚ್ಚಾಯಿತೆಂದೋ ಕಮ್ಮಿಯಾಯಿತೆಂದೋ ಹನ್ನೆರಡು ವರ್ಷದಲ್ಲಿ ಒಬ್ಬರೂ ಅಂದದ್ದಿಲ್ಲ. ಅಳತೆಯ ಚಮಚ ಎನ್ನುವ ವಸ್ತು ಆ ಕ್ಯಾಂಟೀನಿನಲ್ಲಿ ಇರಲೇ ಇಲ್ಲ. ಶಾಲೆಗೆಲ್ಲ ಅವಳು ‘ಕ್ಯಾಂಟೀನ್ ಅಕ್ಕ’. ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಮನೆ ಬಿಟ್ಟು, ಗೇಟಿನೊಳಗೆ ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ ತಿರುಗುತ್ತಿದ್ದರು.

“ನಿನ್ನ ಅಂಟಿಗೆ ಒಂಚೂರು ಉಪ್ಪು ಹಾಕಿದ್ರೆ ಗಂಜಿನಾದ್ರೂ ಆಗ್ತಿತ್ತಲ್ಲೇ ಪುಟ್ಟಿ,” ಎಂದು ಅಕ್ಕ ಆಗಾಗ ಕಾಲೆಳೆಯುತ್ತಿದ್ದಳು. ಐವತ್ತನಾಲ್ಕು ವರ್ಷದ ಹೆಂಗಸನ್ನು ಪುಟ್ಟಿ ಎನ್ನುವ ಹಕ್ಕು ಅಕ್ಕಂದಿರಿಗೆ ಮಾತ್ರ ಇರುವುದು.

ಮೇಡಂ ನಗುತ್ತಿದ್ದರು. ಆದರೆ ಒಳಗೊಳಗೆ ಒಂದು ಹಳೆಯ ಮುಳ್ಳು ಚುಚ್ಚುತ್ತಿತ್ತು. ಹತ್ತು ವರ್ಷದವರಿದ್ದಾಗ ಒಂದು ದಿನ ಒಲೆಯ ಮುಂದೆ ನಿಂತು ಅಮ್ಮನನ್ನು ಕೇಳಿದ್ದರು, “ಉಪ್ಪು ಎಷ್ಟು ಹಾಕ್ಬೇಕು?” ಎಂದು.

“ಹಿಡಿಸಿದಷ್ಟು.”

“ಹಿಡಿಸಿದಷ್ಟು ಅಂದ್ರೆ ಎಷ್ಟಮ್ಮ?”

“ಕೈಗೆ ಗೊತ್ತಾಗುತ್ತೆ.”

“ನನ್ನ ಕೈಗೆ ಗೊತ್ತಾಗ್ತಾ ಇಲ್ವಲ್ಲ.”

ಅಮ್ಮನಿಗೆ ರೇಗಿತು. “ಪ್ರಶ್ನೆ ಕೇಳೋ ಕೈಗೆ ಅಡುಗೆ ಹತ್ತಲ್ಲ. ಹೋಗು, ಓದ್ಕೋ ಹೋಗು!” ಪಕ್ಕದಲ್ಲೇ ನಿಂತು ಪಾತ್ರೆಗೆ ಉಪ್ಪು ಹಾಕುತ್ತಿದ್ದ ಹದಿನೈದು ವರ್ಷದ ಅಕ್ಕ ಕಿಸಕ್ಕನೆ ನಕ್ಕಳು. ಆಮೇಲೆ ಅಕ್ಕನನ್ನೇ ಗುಟ್ಟಾಗಿ ಕೇಳಿದ್ದಾಯಿತು. ಅವಳೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, “ಹಾಕ್ತಾ ಹಾಕ್ತಾ ಬರುತ್ತೆ,” ಎಂದು ಕೈ ತೊಳೆದುಕೊಂಡಳು. ಓದ್ಕೋ ಹೋಗು ಎಂದರಲ್ಲ, ಹುಡುಗಿ ಹೋಗಿ ಓದಿದಳು, ಓದುತ್ತಲೇ ಉಳಿದಳು. ಅಕ್ಕನಿಗೆ ಲೆಕ್ಕ ಗೊತ್ತಿತ್ತು, ಗೊತ್ತಿದ್ದೂ ಹೇಳಲಿಲ್ಲ ಎಂಬ ನಂಬಿಕೆ ಮಾತ್ರ ನಲವತ್ತನಾಲ್ಕು ವರ್ಷವಾದರೂ ಅಲುಗಲಿಲ್ಲ.

ಲೈಬ್ರರಿ ಎಂದರೆ ಮೊದಲ ಮಹಡಿಯ ಉದ್ದನೆಯ ಕೋಣೆ. ಹದಿನಾಲ್ಕು ಕಬ್ಬಿಣದ ಅಲಮಾರು, ನಾಲ್ಕು ಮೇಜು, ಕಿರ್ರೆನ್ನುವ ಒಂದು ಫ್ಯಾನು. ವಾರಕ್ಕೆ ಒಂದು ಗಂಟೆ ಪ್ರತಿ ತರಗತಿಗೂ ಲೈಬ್ರರಿಯ ಪಾಳಿ. ಮಕ್ಕಳು ಬರುತ್ತಿದ್ದರು, ಚಿತ್ರ ನೋಡುತ್ತಿದ್ದರು, ಆಕಳಿಸುತ್ತಿದ್ದರು, ಬೆಲ್ ಹೊಡೆದರೆ ಬದುಕಿದೆಯಾ ಬಡಜೀವ ಎಂದು ಓಡುತ್ತಿದ್ದರು. ಕಿಟಕಿಯ ಪಕ್ಕದ ಕೊನೆಯ ಅಲಮಾರಿನ ಕೆಳಗಿನ ಸಾಲಿನಲ್ಲಿ ಆರುನೂರ ನಲವತ್ತೊಂದನೆಯ ನಂಬರಿನ ಪುಸ್ತಕಗಳಿದ್ದವು. ಅಂದರೆ ಅಡುಗೆಯವು, ಒಟ್ಟು ಇಪ್ಪತ್ತಮೂರು. ಯಾರೋ ಪುಣ್ಯಾತ್ಮರು ಮನೆ ಖಾಲಿ ಮಾಡುವಾಗ ದಾನ ಕೊಟ್ಟಿದ್ದು. ಅವುಗಳ ಹಿಂದಿನ ಚೀಟಿಯಲ್ಲಿ ಒಂದೇ ಒಂದು ತಾರೀಕಿನ ಮುದ್ರೆಯೂ ಬಿದ್ದಿರಲಿಲ್ಲ.

ಆ ಸಾಲಿಗೆ ಮೊದಲು ಕೈ ಹಾಕಿದವಳು ಐದನೇ ತರಗತಿಯ ಒಬ್ಬ ಹುಡುಗಿ. ಅವಳಿಗೂ ಅಡ್ಡಹೆಸರಿತ್ತು, ‘ಯಾಕಮ್ಮ’. ಯಾವ ಪಾಠವಾದರೂ ಒಂದು ಸಾಲು ಓದಿ ನಿಲ್ಲಿಸಿ “ಯಾಕೆ?” ಎನ್ನುವವಳು. ಉಳಿದವರು ಪುಟ ಮುಗಿಸುವಷ್ಟರಲ್ಲಿ ಇವಳದು ಮೂರು ಸಾಲು. ಹಾಗಾಗಿ ‘ಓದು ಸಾಲದು’ ಎಂದು ಪ್ರಗತಿ ಪತ್ರದಲ್ಲಿ ಎರಡು ವರ್ಷದಿಂದ ಕೆಂಪು ಶಾಯಿಯಲ್ಲಿ ಬರುತ್ತಿತ್ತು. ಆ ದಿನ ಅವಳು ಒಂದು ದಪ್ಪ ಪುಸ್ತಕವನ್ನು ಎದೆಗವಚಿಕೊಂಡು ಮೇಡಂ ಮೇಜಿನ ಹತ್ತಿರ ಬಂದಳು.

“ಮೇಡಂ, ಇಲ್ಲಿ ‘ರುಚಿಗೆ ತಕ್ಕಷ್ಟು ಉಪ್ಪು’ ಅಂತ ಇದೆ. ಯಾರ ರುಚಿಗೆ?”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಲವತ್ತನಾಲ್ಕು ವರ್ಷದಿಂದ ತಮ್ಮೊಳಗೇ ಉಳಿದಿದ್ದ ಪ್ರಶ್ನೆಯನ್ನು ಈ ಮೊಳದುದ್ದದ ಹುಡುಗಿ ಕೇಳಿಬಿಟ್ಟಿದ್ದಳು. ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹೀಗೆ ಶುರುವಾಯಿತು ಶುಕ್ರವಾರದ ಅಡುಗೆ ಓದು. ಹನ್ನೊಂದು ಮಕ್ಕಳು, ವಾರಕ್ಕೊಂದು ಗಂಟೆ. ಅಡುಗೆ ಬಾರದವರು ಅಡುಗೆ ಕಲಿಸುವುದೆಂದರೆ ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಟೀಚರುಗಳ ಕೋಣೆಯಲ್ಲಿ ನಗೆಯೆದ್ದಿತು. ಮೇಡಂ ಕಿವಿಗೆ ಹಾಕಿಕೊಳ್ಳಲಿಲ್ಲ. ತಾವು ಕಲಿಸುವುದು ಅಡುಗೆಯಲ್ಲ, ಅಡುಗೆ ಪುಸ್ತಕವನ್ನು ಬಳಸುವುದು. ಅದು ತಮ್ಮ ಕಸುಬೇ ಎಂಬುದು ಅವರ ವಾದ. ಪುಸ್ತಕ ಎಂದರೆ ಅವರ ದೃಷ್ಟಿಯಲ್ಲಿ ಪಕ್ಷಪಾತವಿಲ್ಲದ ಅಡುಗೆಯವಳು. ಅಕ್ಕನಿಗೊಂದು ತಂಗಿಗೊಂದು ಹೇಳದೆ, ಕೇಳಿದವರಿಗೆಲ್ಲ ಅದೇ ಅಳತೆ ಕೊಡುವವಳು.

ಅವರದೇ ಕೆಲವು ನಿಯಮಗಳಿದ್ದವು. ಮೊದಲ ಸಲ ಓದುವಾಗ ಕೈ ಬೆನ್ನ ಹಿಂದೆ ಕಟ್ಟಿರಬೇಕು. ತಲೆಯಿಂದ ಬಾಲದವರೆಗೆ ಪೂರ್ತಿ ಓದದೆ ಒಂದು ಚಮಚವನ್ನೂ ಮುಟ್ಟುವ ಹಾಗಿಲ್ಲ. ಎರಡನೆಯ ಸಲ ಸಾಮಾನು ಮತ್ತು ಪಾತ್ರೆಗಳ ಪಟ್ಟಿ ಬರೆದುಕೊಳ್ಳಬೇಕು. ಮೂರನೆಯ ಸಲ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಖಾಲಿ ಪಾತ್ರೆಯಲ್ಲಿ ಸುಮ್ಮನೆ ಮಾಡಿದ ಹಾಗೆ ಮಾಡಿ ತೋರಿಸಬೇಕು. ಇಲ್ಲದ ಮೊಟ್ಟೆ ಒಡೆದು, ಇಲ್ಲದ ಹಾಲು ಸುರಿದು, ಇಲ್ಲದ ಬೆಂಕಿಗೆ ಕೈ ಸುಟ್ಟುಕೊಂಡು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸದೆ ಪುಸ್ತಕವನ್ನು ತಂದರೆ ಮಾತ್ರ ಮೇಡಂ ಹುಬ್ಬು ಗಂಟಿಕ್ಕುತ್ತಿತ್ತು.

ಒಂದು ಶುಕ್ರವಾರವಿಡೀ ‘ಚಿಟಿಕೆ’ ಎಂದರೆ ಎಷ್ಟು ಎಂಬ ವ್ಯಾಜ್ಯ. ಹನ್ನೊಂದು ಮಕ್ಕಳೂ ಕಪ್ಪು ಕಾಗದದ ಮೇಲೆ ಒಂದೊಂದು ಚಿಟಿಕೆ ಉಪ್ಪು ಉದುರಿಸಿದರು. ಒಬ್ಬ ಹುಡುಗನ ಚಿಟಿಕೆ ಇನ್ನೊಬ್ಬಳ ಮೂರು ಚಿಟಿಕೆಗೆ ಸಮವಾಗಿತ್ತು. ಅವನ ಹೆಬ್ಬೆರಳು ನೋಡಿ ಎಲ್ಲರೂ ನಕ್ಕರು, ಅವನೂ ನಕ್ಕ. ಕೊನೆಗೆ ಕೈಯೆತ್ತಿಸಿ ಮತ ಹಾಕಿಸಿ, ನಾಲ್ಕು ಚಿಟಿಕೆ ಸೇರಿದರೆ ಕಾಲು ಚಮಚ ಎಂದು ತೀರ್ಮಾನವಾಯಿತು. ಹಣ್ಣಿನ ಸಲಾಡು, ನಿಂಬೆಹಣ್ಣಿನ ಶರಬತ್ತು, ಸ್ಯಾಂಡ್‌ವಿಚ್ಚು ಆದಮೇಲೆ ಬಿಸ್ಕತ್ತು ಮಾಡುವ ಆಸೆ ಹುಟ್ಟಿತು. ಬಿಸ್ಕತ್ತಿಗೆ ಓವನ್ ಬೇಕು. ಓವನ್ ಇದ್ದದ್ದು ಕ್ಯಾಂಟೀನಿನಲ್ಲಿ.

“ಓದಿ ಅಡುಗೆ ಮಾಡೋದು ಅಂದ್ರೆ, ಓದಿ ಈಜು ಹೊಡೆದ ಹಾಗೆ,” ಎಂದಳು ಅಕ್ಕ.

“ನಿನ್ನ ಓವನ್ ಕೊಡು ಸಾಕು. ಬಾಯಿ ಹಾಕಬೇಡ. ಮಕ್ಕಳು ಏನು ಮಾಡಿದ್ರೂ, ಏನು ಕೇಳಿದ್ರೂ ನೀನು ಹೇಳಿಕೊಡೋ ಹಾಗಿಲ್ಲ. ಅವರಿಗೆ ಪುಸ್ತಕ ಇದೆ.”

“ನನಗ್ಯಾಕಮ್ಮ ಬೇಕು ಊರ ಉಸಾಬರಿ. ಬಾಯಿಗೆ ಬೀಗ ಹಾಕ್ಕೊಂಡಿರ್ತೀನಿ,” ಎಂದಳು ಅಕ್ಕ. ಅಂದ ಹಾಗೆಯೇ ನಡೆದುಕೊಂಡಳು. ಮೊದಲ ಸಲ ಬಿಸ್ಕತ್ತು ಸೀದು ಕರಿಯಾದಾಗಲೂ ಬೀಗ ತೆಗೆಯಲಿಲ್ಲ.

ಹೆಡ್ ಮೇಡಂ ಹಿಂದೆ ಗಣಿತ ಕಲಿಸಿದವರು. ಯಾವುದಕ್ಕೂ ಉತ್ತರ ತಾಳೆಯಾಗಬೇಕು ಅವರಿಗೆ. “ಲೈಬ್ರರಿ ಓದೋ ಜಾಗ, ತಿನ್ನೋ ಜಾಗ ಅಲ್ಲ,” ಎನ್ನುತ್ತಲೇ ಆರು ತಿಂಗಳ ಮಟ್ಟಿಗೆ ಆ ಗಂಟೆಯನ್ನು ಕೊಟ್ಟಿದ್ದರು. ಈಗ ಅವಧಿ ಮುಗಿದಿತ್ತು. ಶಾಲಾ ಸಮಿತಿಯ ಎದುರು ಮಕ್ಕಳು ಒಂದು ತಿಂಡಿ ಮಾಡಿ ತೋರಿಸಬೇಕು. ಸರಿಹೋದರೆ ಶುಕ್ರವಾರದ ಗಂಟೆ ಕಾಯಂ, ಮೂರು ತರಗತಿಗಳಿಗೆ. ಕೆಟ್ಟರೆ ಅದು ಗಣಿತಕ್ಕೆ. ಜೊತೆಗೆ ಒಂದು ಷರತ್ತು: “ಬಾಯಿಪಾಠ ಮಾಡಿದ್ದನ್ನ ಒಪ್ಪಿಸೋದು ಬೇಡ. ಯಾವ ತಿಂಡಿ ಅಂತ ಆ ದಿನ ಬೆಳಿಗ್ಗೆ ಪುಸ್ತಕ ತೆಗೆದು ನಾನೇ ಹೇಳ್ತೀನಿ. ನಿಜವಾಗಿ ಓದೋಕೆ ಬರುತ್ತೋ ಇಲ್ವೋ ನೋಡೋಣ.”

ಮೇಡಂಗೆ ಷರತ್ತು ಹಿಡಿಸಿತು. ತಾವೇ ಹಾಕಿದ್ದರೂ ಇದಕ್ಕಿಂತ ಒಳ್ಳೆಯದನ್ನು ಹಾಕುತ್ತಿರಲಿಲ್ಲ. ಆದರೂ ಆ ವಾರ ಅವರಿಗೆ ಊಟ ಸೇರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಮಕ್ಕಳು ತಮ್ಮ ಕೋಣೆಗೆ ಓಡಿಬರುತ್ತಿದ್ದರು. ಆ ಒಂದು ಗಂಟೆ ಹೋದರೆ ಮತ್ತೆ ಫ್ಯಾನಿನ ಕಿರ್ರು, ಮತ್ತೆ ಆಕಳಿಕೆ.

ಸಮಿತಿಯಿಂದ ಬಂದವರು ಮೂವರು. ಮುಖ್ಯಸ್ಥರು ಔಷಧಿ ಅಂಗಡಿಯ ಯಜಮಾನರು, ದೊಡ್ಡ ಹೊಟ್ಟೆಯ ನಗುಮುಖದ ಮನುಷ್ಯ. ಹೆಡ್ ಮೇಡಂ ಅಲಮಾರಿನಿಂದ ದಪ್ಪನೆಯ ಪುಸ್ತಕವನ್ನೇ ಆರಿಸಿ ನಡುವೆ ತೆರೆದರು.

“ಬಾಳೆಹಣ್ಣಿನ ಕೇಕು. ಆಗಬಹುದಾ?”

ಆ ಪುಸ್ತಕದ ಕತೆಯನ್ನು ಇಲ್ಲಿ ಹೇಳಲೇಬೇಕು. ದಾನ ಬಂದಾಗ ಅದು ಪುಸ್ತಕವಾಗಿರಲಿಲ್ಲ, ಹಾಳೆಗಳ ಗಂಟಾಗಿತ್ತು. ಹೊಲಿಗೆ ಪೂರ್ತಿ ಬಿಟ್ಟಿತ್ತು. ಕೆಳಗಿನ ಮೂಲೆಗಳನ್ನು ಇಲಿ ತಿಂದು, ಪುಟದ ನಂಬರುಗಳು ಅದರ ಹೊಟ್ಟೆ ಸೇರಿದ್ದವು. ಒಂದು ರಜೆಯಲ್ಲಿ ಮೇಡಂ ನೆಲದ ಮೇಲೆ ಹಾಳೆ ಹರವಿಕೊಂಡು, ಯಾವ ಪುಟದ ಕೊನೆಯ ಮಾತಿಗೆ ಯಾವ ಪುಟದ ಮೊದಲ ಮಾತು ಕೂಡುತ್ತದೆಂದು ನೋಡಿ ನೋಡಿ ಜೋಡಿಸಿ, ಹೊಲಿದು, ಅಂಟು ಬಳಿದು, ರಟ್ಟು ಹಾಕಿದ್ದರು. ಅವರ ಕೈಯಲ್ಲಿ ಆದ ಅತಿ ಚೆಂದದ ಬೈಂಡಿಂಗ್ ಅದು. ಬಂದವರಿಗೆಲ್ಲ ತೋರಿಸುತ್ತಿದ್ದರು.

ಯಾಕಮ್ಮ ಮುಂದಾಳು. ಕೈ ಬೆನ್ನ ಹಿಂದೆ ಕಟ್ಟಿ ಮೊದಲ ಓದು ಓದಿದಳು. ಎರಡನೆಯ ಓದಿಗೆ ಪಟ್ಟಿ ಬರೆದರು: ಮೂರು ಬಾಳೆಹಣ್ಣು, ಎರಡು ಲೋಟ ಮೈದಾ, ಒಂದು ಲೋಟ ಸಕ್ಕರೆ, ಅರ್ಧ ಲೋಟ ಬೆಣ್ಣೆ, ಎರಡು ಮೊಟ್ಟೆ, ಒಂದು ಚಮಚ ಬೇಕಿಂಗ್ ಪೌಡರ್. ಅಷ್ಟರಲ್ಲಿ ಹುಡುಗಿ ಪುಟ ಹಿಂದಕ್ಕೆ ತಿರುಗಿಸಿದಳು, ಮುಂದಕ್ಕೆ ತಿರುಗಿಸಿದಳು, ಮತ್ತೆ ಹಿಂದಕ್ಕೆ. ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು.

“ಮೇಡಂ, ಪಟ್ಟಿಯಲ್ಲಿ ಬೆಳ್ಳುಳ್ಳಿ ಇಲ್ಲ. ಆದ್ರೆ ಮುಂದಿನ ಪುಟದಲ್ಲಿ ‘ಸಣ್ಣಗೆ ಹೆಚ್ಚಿದ ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಮೆಣಸಿನ ಪುಡಿ, ಎರಡು ಚಮಚ ಉಪ್ಪು’ ಅಂತಿದೆ. ಯಾಕೆ?”

ಔಷಧಿ ಅಂಗಡಿಯವರು ಗಡಿಯಾರ ನೋಡಿಕೊಂಡರು. ಹೆಡ್ ಮೇಡಂ ಪೆನ್ನಿನಿಂದ ಮೇಜನ್ನು ಟಕಟಕ ಬಡಿದರು. ಮೇಡಂ ಪುಟದ ಮೇಲೊಮ್ಮೆ ಅವಸರದಲ್ಲಿ ಕಣ್ಣಾಡಿಸಿದರು. ಅವರಿಗೆ ಗೊತ್ತಿದ್ದ ಕೇಕೆಂದರೆ ತಟ್ಟೆಯಲ್ಲಿ ಬಂದದ್ದು. ಅದರೊಳಗೆ ಏನಿರುತ್ತದೆಂದು ಅವರಿಗೇನು ಗೊತ್ತು?

“ಪಟ್ಟಿಯಲ್ಲಿ ಬಿಟ್ಟುಹೋಗಿರುತ್ತೆ. ಕ್ಯಾಂಟೀನಿಂದ ತಗೊಂಡು ಬಾ.”

“ಆದ್ರೆ ಮೇಡಂ, ಕೇಕಿಗೆ ಯಾಕೆ...”

“ಪ್ರಶ್ನೆ ಬೇಡ. ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಮಾಡು, ಹೋಗು!”

ಹುಡುಗಿ ಹೋದಳು. ಕ್ಯಾಂಟೀನಿನಲ್ಲಿ ಅಕ್ಕ ಬೆಳ್ಳುಳ್ಳಿಯ ಗಡ್ಡೆಯನ್ನೂ ಮೆಣಸಿನ ಪುಡಿಯ ಡಬ್ಬಿಯನ್ನೂ ಅವಳ ಕೈಯಲ್ಲಿಟ್ಟು, “ಕೇಕಿಗಾ?” ಎಂದು ಒಮ್ಮೆ ಕೇಳಿದಳು. “ಹೌದಕ್ಕಾ, ಪುಸ್ತಕದಲ್ಲಿದೆ,” ಎಂದಳು ಹುಡುಗಿ. ಅಕ್ಕ ತುಟಿ ಬಿಗಿಹಿಡಿದು ಬೀಗ ಹಾಕಿಕೊಂಡಳು.

ಆಮೇಲಿನದ್ದೆಲ್ಲ ಚೊಕ್ಕವಾಗಿ ನಡೆಯಿತು. ಮಕ್ಕಳು ಗೆರೆ ಕೊಯ್ದ ಹಾಗೆ ಅಳೆದರು, ಗಂಟಿಲ್ಲದೆ ಕಲಸಿದರು, ಒಂದು ಹನಿ ಚೆಲ್ಲಲಿಲ್ಲ. ಸಮಿತಿಯವರು ತಲೆದೂಗಿದರು. ಕೇಕು ಕ್ಯಾಂಟೀನಿನ ಓವನ್ ಸೇರಿತು. ಚಿಟಿಕೆಯ ವ್ಯಾಜ್ಯದ ಕತೆ ಕೇಳಿ ಔಷಧಿ ಅಂಗಡಿಯವರು ಹೊಟ್ಟೆ ಕುಲುಕಿಸಿ ನಗುತ್ತಿದ್ದಾಗ, ಮೆಟ್ಟಿಲು ಹತ್ತಿಕೊಂಡು ಮೊದಲು ವಾಸನೆ ಬಂತು. ಬಾಳೆಹಣ್ಣು ಮತ್ತು ಬೆಳ್ಳುಳ್ಳಿ ಒಟ್ಟಿಗೆ ಬೆಂದ ವಾಸನೆ ಹೇಗಿರುತ್ತದೆಂದು ಆ ದಿನದವರೆಗೆ ಆ ಕಟ್ಟಡದಲ್ಲಿ ಯಾರಿಗೂ ತಿಳಿದಿರಲಿಲ್ಲ. ಎಲ್ಲರೂ ಮೂಗರಳಿಸಿ ಒಬ್ಬರ ಮುಖ ಒಬ್ಬರು ನೋಡಿದರು.

ಔಷಧಿ ಅಂಗಡಿಯವರು ಧೈರ್ಯ ಮಾಡಿ ಒಂದು ತುಂಡು ಬಾಯಿಗಿಟ್ಟರು. ಅಗಿದರು. ನಿಲ್ಲಿಸಿದರು. ಕಣ್ಣಲ್ಲಿ ನೀರಾಡಿತು.

“ನಮ್ಮಂಗಡೀಲಿ ಇದಕ್ಕಿಂತ ರುಚಿಯಾದ ಕಷಾಯ ಇದೆ,” ಎಂದರು ನೀರು ಕುಡಿಯುತ್ತ. ಹೆಡ್ ಮೇಡಂ ನಾಲಿಗೆಯ ತುದಿಗೆ ಸೋಕಿಸಿ ತಟ್ಟೆ ಕೆಳಗಿಟ್ಟರು.

“ಬೆಳ್ಳುಳ್ಳಿ ಹಾಕಿದ್ದು ಯಾರು?”

ಯಾಕಮ್ಮ ಎದ್ದು ನಿಂತಳು. “ನಾನು, ಮೇಡಂ.”

“ಪುಸ್ತಕದಲ್ಲಿ ನೋಡಿ ಹಾಕಿದ್ಯಾ?”

“ಹ್ಞೂಂ.”

“ಇವಳದು ಮೊದಲಿಂದ್ಲೂ ಇದೇ ಕತೆ,” ಎಂದು ಹೆಡ್ ಮೇಡಂ ಸಮಿತಿಯ ಕಡೆ ತಿರುಗಿದರು. “ಓದು ಸಾಲದು ಅಂತ ಎರಡು ವರ್ಷದಿಂದ ಬರೀತಾನೇ ಇದ್ದೀವಿ. ಎಲ್ಲೋ ಎರಡು ಪುಟ ಒಟ್ಟಿಗೆ ತಿರುಗಿಸಿರ್ತಾಳೆ.”

“ಹೋಗ್ಲಿ ಬಿಡಿ, ಮಕ್ಕಳಲ್ವೇ!” ಎಂದರು ಔಷಧಿ ಅಂಗಡಿಯವರು. “ಉಳಿದವರು ಚೆನ್ನಾಗೇ ಮಾಡಿದ್ದಾರೆ. ಒಂದು ಮಗು ತಪ್ಪು ಓದಿದ್ದಕ್ಕೆ ಕ್ಲಾಸೇ ನಿಲ್ಲಿಸೋದು ಏನು ಚೆಂದ? ನಡೀಲಿ.”

ಹೆಡ್ ಮೇಡಂ ಪೆನ್ನು ಮೇಜಿನ ಮೇಲಿಟ್ಟರು. “ಸರಿ. ಶುಕ್ರವಾರದ ಗಂಟೆ ಇರಲಿ. ಆದ್ರೆ ಇವಳು ಬೇಡ. ಆ ಹೊತ್ತಿಗೆ ಇವಳು ಓದಿನ ಅಭ್ಯಾಸ ಮಾಡ್ಲಿ.”

ಮೇಡಂ ಅಷ್ಟರಲ್ಲಿ ಪುಸ್ತಕವನ್ನು ಕೈಗೆತ್ತಿಕೊಂಡಿದ್ದರು. ಒಂದು ಪುಟ ಮುಗಿಯುವಲ್ಲಿ ‘ಗಂಟಿಲ್ಲದಂತೆ ಕಲಸಿದ ಮೇಲೆ ಇದಕ್ಕೆ’ ಎಂದಿತ್ತು. ಮುಂದಿನ ಪುಟ ‘ಸಣ್ಣಗೆ ಹೆಚ್ಚಿದ ಎಂಟು ಎಸಳು ಬೆಳ್ಳುಳ್ಳಿ’ ಎಂದು ಶುರುವಾಗಿತ್ತು. ಮಾತಿಗೆ ಮಾತು ಸರಿಯಾಗಿ ಕೂಡಿತ್ತು. ಕೇಕಿಗೆ ಬೆಳ್ಳುಳ್ಳಿ ಕೂಡುತ್ತದೆಯೇ ಎಂದು ನೋಡುವ ತಿಳಿವಳಿಕೆ ಹೊಲಿದ ಕೈಗೆ ಇರಲಿಲ್ಲ. ಹತ್ತು ಹಾಳೆ ಆಚೆ ಖಾರದ ಬನ್ನಿನ ಪಟ್ಟಿಯಿತ್ತು, ಅದರಲ್ಲಿ ಎಂಟು ಎಸಳು ಬೆಳ್ಳುಳ್ಳಿಯೂ ಇತ್ತು. ಕೇಕಿನ ಎರಡನೆಯ ಹಾಳೆಯನ್ನೂ ಬನ್ನಿನ ಎರಡನೆಯ ಹಾಳೆಯನ್ನೂ ಅದಲು ಬದಲು ಮಾಡಿ ಹೊಲಿದವರು ಅವರೇ.

ಸುಮ್ಮನಿದ್ದರೆ ಗಂಟೆ ಉಳಿಯುತ್ತಿತ್ತು. ಹತ್ತು ಮಕ್ಕಳು ಇರುತ್ತಿದ್ದರು, ಇನ್ನೂ ಎರಡು ತರಗತಿಗಳು ಬರುತ್ತಿದ್ದವು. ಶನಿವಾರ ಬಾಗಿಲು ಹಾಕಿಕೊಂಡು ಆ ಎರಡು ಹಾಳೆ ಬದಲಿಸಿಬಿಟ್ಟರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಅವರು ಯಾಕಮ್ಮನ ಕಡೆ ನೋಡಿದರು. ಹುಡುಗಿ ‘ಮೇಡಂ ಹೇಳಿದ್ರು’ ಎನ್ನಲಿಲ್ಲ. ‘ಯಾಕೆ’ ಎಂದೂ ಕೇಳಲಿಲ್ಲ. ತಲೆ ತಗ್ಗಿಸಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು, ಮೊದಲ ಓದಿಗೆ ನಿಲ್ಲುವ ಹಾಗೆ. ಪ್ರಶ್ನೆ ಬೇಡ, ಹೋಗು ಎಂದ ದನಿ ತಮ್ಮದಲ್ಲ, ಒಲೆಯ ಮುಂದಿನ ಅಮ್ಮನದು ಎಂದು ಮೇಡಂಗೆ ಆಗ ಹೊಳೆಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು.

“ಅವಳು ಸರಿಯಾಗೇ ಓದಿದ್ದಾಳೆ,” ಎಂದರು. “ಸರಿಯಾಗಿ ಓದದೆ ಇದ್ದವಳು ನಾನು. ಈ ಪುಸ್ತಕ ಹೊಲಿದಿದ್ದು ನಾನೇ. ಪುಟ ತಪ್ಪಾಗಿದೆ, ನೋಡಿ. ಪಟ್ಟಿಯಲ್ಲಿ ಬೆಳ್ಳುಳ್ಳಿ ಇಲ್ಲ ಅಂತ ಈ ಮಗು ಕಂಡುಹಿಡಿದು ನನ್ನ ಹತ್ರ ಬಂದು ಕೇಳ್ತು. ನೀವೆಲ್ಲ ಕೂತಿದ್ರಿ ಅಂತ ನಾನೇ ಬಾಯಿ ಮುಚ್ಚಿಸಿ ಕಳಿಸಿದೆ. ಇಡೀ ಕೋಣೇಲಿ ಇವತ್ತು ಓದಿದವಳು ಅಂದ್ರೆ ಇವಳೊಬ್ಬಳೇ.”

ಹೆಡ್ ಮೇಡಂ ಪುಸ್ತಕ ಈಸಿಕೊಂಡು, ಎರಡೂ ಪುಟ ತಾಳೆ ನೋಡಿ, ಮುಚ್ಚಿದರು. ಅವರು ಕೆಟ್ಟವರಲ್ಲ, ಲೆಕ್ಕದವರು.

“ಹುಡುಗಿ ವಿಷಯದಲ್ಲಿ ನಾನು ಅಂದಿದ್ದು ತಪ್ಪಾಯ್ತು,” ಎಂದರು. “ಆದ್ರೆ ಪುಸ್ತಕ ತಪ್ಪಾಗಿ ಹೊಲಿದವರು ನೀವು, ಮಗು ಕೇಳಿದ್ರೆ ಬಾಯಿ ಮುಚ್ಚಿಸಿದವರೂ ನೀವು. ಹಾಗಿದ್ಮೇಲೆ ಆ ಗಂಟೆ ನಿಮ್ಮ ಕೈಗೆ ಹೇಗೆ ಕೊಡ್ಲಿ, ನೀವೇ ಹೇಳಿ?”

ಗಂಟೆ ಗಣಿತಕ್ಕೆ ಹೋಯಿತು. ಕೇಕನ್ನು ಮಾತ್ರ ಮೇಡಂ ಯಾರಿಗೂ ಕೊಡದೆ, ಮಾಡಿದ್ದುಣ್ಣೋ ಮಹಾರಾಯ ಎಂದು ತಾವೇ ಎರಡು ತುಂಡು ತಿಂದು ನೀರು ಕುಡಿದರು.

ಸಂಜೆ ಮನೆಯಲ್ಲಿ ಅಕ್ಕ ಕ್ಯಾರೆಟ್ಟು ಹೆಚ್ಚುತ್ತ ಮೆಲ್ಲಗೆ ಅಂದಳು, “ಆ ಹುಡುಗಿ ಬೆಳ್ಳುಳ್ಳಿ ಕೇಳ್ದಾಗ ನಾನು ಬಾಯಿ ಬಿಡಬೇಕಿತ್ತು. ನೀನು ಬಾಯಿ ಹಾಕಬೇಡ ಅಂದಿದ್ದೆ ಅಂತ ಸುಮ್ನಾದೆ. ಸ್ವಲ್ಪ ಮಜಾನೂ ಅನ್ನಿಸ್ತು, ಸುಳ್ಯಾಕೆ ಹೇಳ್ಲಿ.”

“ನೀನು ಯಾವತ್ತು ಬಾಯಿ ಬಿಟ್ಟಿದ್ದೀಯ?” ಮೇಡಂ ದನಿ ಇದ್ದಕ್ಕಿದ್ದಂತೆ ಏರಿತು. “ಹತ್ತು ವರ್ಷದವಳು ಬಂದು ಉಪ್ಪೆಷ್ಟು ಅಂತ ಕೇಳಿದೆ. ಅಮ್ಮ ಓಡಿಸಿದ್ಲು, ನೀನು ನಕ್ಕೆ. ಇವತ್ತಿನವರೆಗೂ ಹೇಳಿಲ್ಲ. ನಿಂಗೆ ಗೊತ್ತಿತ್ತು, ಹೇಳ್ಲಿಲ್ಲ.”

ಅಕ್ಕನ ಕತ್ತಿ ನಿಂತಿತು. ಅದು ಅವಳಿಗೆ ನೆನಪೇ ಇರಲಿಲ್ಲ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದು ತಂಗಿ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳೇ ಎಂದು ಅವಳಿಗೆ ನೋವಾಯಿತು. ಹೆಚ್ಚಿದ ಕ್ಯಾರೆಟ್ಟನ್ನು ಪಾತ್ರೆಗೆ ಸುರಿದು ಅಂದಳು, “ನನ್ನ ಕ್ಯಾಂಟೀನಿಗೆ ಟೈಮ್ ಟೇಬಲ್ಲು ಗೀಮ್ ಟೇಬಲ್ಲು ಇಲ್ಲ. ಶುಕ್ರವಾರ ಶಾಲೆ ಬಿಟ್ಮೇಲೆ ಮಕ್ಕಳನ್ನ ಕರ್ಕೊಂಡು ಬಾ. ಸೂಪು ಮಾಡ್ತೀನಿ, ಬರ್ಕೊಳ್ಳಿ.”

ಶನಿವಾರ ಮೇಡಂ ಆ ಚೆಂದದ ಬೈಂಡಿಂಗನ್ನು ಕತ್ತರಿಯಿಂದ ಬಿಚ್ಚಿದರು. ಎದುರಿಗೆ ಯಾಕಮ್ಮ ಕೂತಿದ್ದಳು. ಅವಳು ಪಟ್ಟಿ ಓದಬೇಕು, ಮಾಡುವ ಕ್ರಮವನ್ನು ಮೇಡಂ ಓದಬೇಕು, ಎರಡೂ ತಾಳೆಯಾದರೆ ಮಾತ್ರ ಹಾಳೆ ಪಕ್ಕಕ್ಕೆ. ಇನ್ನೂ ಎರಡು ಕಡೆ ಎಡವಟ್ಟು ಸಿಕ್ಕಿತು. ಒಂದರಲ್ಲಿ ಮೀನಿಗೆ ಚಾಕೊಲೇಟು ಬೀಳುವುದಿತ್ತು. ಇಬ್ಬರೂ ಕಣ್ಣೀರು ಬರುವಷ್ಟು ನಕ್ಕರು.

“ಸಾರಿ ಕಣೇ,” ಎಂದರು ಮೇಡಂ, ಸೂಜಿಗೆ ದಾರ ಪೋಣಿಸುತ್ತ. ಹುಡುಗಿ ಇಷ್ಟಗಲ ನಕ್ಕು ಮುಂದಿನ ಪಟ್ಟಿ ಓದಿದಳು.

ಶುಕ್ರವಾರ ಬೆಲ್ ಹೊಡೆದ ಮೇಲೆ ಹನ್ನೊಂದರಲ್ಲಿ ಏಳು ಮಕ್ಕಳು ಉಳಿದುಕೊಂಡರು. ಕ್ಯಾಂಟೀನಿನ ಕಡಪ ಕಲ್ಲಿನ ಕಟ್ಟೆಯ ಮೇಲೆ ನೋಟು ಪುಸ್ತಕಗಳು ಸಾಲಾಗಿ ತೆರೆದವು. ಅಕ್ಕ ತರಕಾರಿ ಸೂಪು ಕುದಿಯಲಿಟ್ಟಳು. ಕ್ಯಾರೆಟ್ಟು ಎಷ್ಟು, ಬಟಾಣಿ ಎಷ್ಟು, ನೀರು ಎಷ್ಟು ಲೋಟ, ಎಲ್ಲವನ್ನೂ ಮಕ್ಕಳು ಅಡ್ಡ ನಿಂತು ಅಳೆದರು. ಹೆಜ್ಜೆ ಹೆಜ್ಜೆಗೂ ತಡೆಯುತ್ತಿದ್ದರಿಂದ ಅಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ಕೊನೆಗೆ ಅವಳು ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಉಪ್ಪು ತೆಗೆದು ಪಾತ್ರೆಯ ಮೇಲೆ ತಂದಾಗ, ಯಾಕಮ್ಮ ಸರಕ್ಕನೆ ಒಂದು ತಟ್ಟೆಯನ್ನು ಕೈಯ ಕೆಳಗೆ ಹಿಡಿದಳು.

“ಅಕ್ಕಾ, ಮೊದಲು ಇಲ್ಲಿ.”

ಅಕ್ಕ ಉಪ್ಪನ್ನು ತಟ್ಟೆಗೆ ಬಿಟ್ಟಳು. ಮೇಡಂ ಲೈಬ್ರರಿಯಿಂದ ತಂದಿದ್ದ ಚಮಚದಲ್ಲಿ ಮಕ್ಕಳು ಮಟ್ಟಸವಾಗಿ ಸವರಿ ಅಳೆದರು. ಎರಡೂಕಾಲು.

“ಇನ್ನೊಂದು ಸಲ ತೆಗೀರಿ,” ಎಂದಳು ಯಾಕಮ್ಮ. ಅಕ್ಕ ಮತ್ತೆ ಡಬ್ಬಿಗೆ ಕೈ ಹಾಕಿದಳು. ಎರಡೂಕಾಲು. ಈ ಸಲ ಕಣ್ಣು ಮುಚ್ಚಿ ತೆಗೆಯಲು ಹೇಳಿದರು. ಕಣ್ಣು ಮುಚ್ಚಿ ತೆಗೆದದ್ದೂ ಎರಡೂಕಾಲು ಚಮಚವೇ. ಮಕ್ಕಳು ಹೋ ಎಂದು ಕೂಗಿದರು.

ಅಕ್ಕ ಮಾತ್ರ ಕೂಗಲಿಲ್ಲ. ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ, ಯಾರದೋ ಕೈ ನೋಡುವ ಹಾಗೆ ನೋಡಿಕೊಂಡಳು.

“ಎರಡೂಕಾಲಾ?” ಎಂದಳು. “ನಿನ್ನಾಣೆ ಪುಟ್ಟಿ, ಮುಚ್ಚಿಟ್ಟಿರಲಿಲ್ಲ ಕಣೇ. ನಂಗೇ ಗೊತ್ತಿರಲಿಲ್ಲ.”

ಮೇಡಂ ನೋಟು ಪುಸ್ತಕದಲ್ಲಿ ‘ಉಪ್ಪು’ ಎಂದು ಬರೆದು, ಮುಂದೆ ಬರೆಯಲಾಗದೆ ಪೆನ್ಸಿಲು ಕೆಳಗಿಟ್ಟರು. ನಲವತ್ತನಾಲ್ಕು ವರ್ಷ ಗೊತ್ತಿಲ್ಲದವಳ ಮೇಲೆ ಮುನಿಸಿಕೊಂಡಿದ್ದೆನಲ್ಲ ಎಂದು ಅಳು ಬಂತು, ತಡೆದುಕೊಳ್ಳಲು ಹೋಗಲಿಲ್ಲ. ಮಕ್ಕಳು ಗಾಬರಿಯಾಗಿ ಸುಮ್ಮನಾದರು, ಒಬ್ಬಳನ್ನು ಬಿಟ್ಟು.

“ಮೇಡಂ, ಯಾಕೆ ಅಳ್ತಿದ್ದೀರಾ?” ಎಂದಳು ಯಾಕಮ್ಮ.

ಮೇಡಂ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸ್ಟವ್ ಸಣ್ಣಗೆ ಮಾಡಿ, ಕಟ್ಟೆಯ ಪಕ್ಕದ ಸ್ಟೂಲನ್ನು ಅವಳತ್ತ ಎಳೆದರು.

“ಹೇಳ್ತೀನಿ, ಕೂತ್ಕೋ.”